ಕೈ ಯಾರದೆಂದು ಹೇಳಲಿಲ್ಲ

ಕಳೆದ ವರ್ಷ ದೀಪಾವಳಿಗೆ ಎರಡು ವಾರ ಮುಂಚಿನ ಮಾತು. ಆ ದಿನದ ಕೆಳಗೆ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಗಾಳದ ರಾಡ್ ತಂದೆ. ಕಾಲು ನೋಯುತ್ತಿದೆ." ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ, ನನ್ನದನ್ನಂತೂ ಇನ್ನೂ ಕಡಿಮೆ.

ನಾನು ಧಾರವಾಡದವಳು. ಎಂ.ಎ. ಮುಗಿಸಿ ಮುಂಬೈಗೆ ಬಂದು ವಿಮಾ ಕಚೇರಿಯೊಂದನ್ನು ಸೇರಿ ಇಪ್ಪತ್ತೆರಡು ವರ್ಷವಾಯಿತು. ಮನೆ ದಹಿಸರ್‌ನಲ್ಲಿ. ನನ್ನ ಗಂಡ ಉಡುಪಿ ಕಡೆಯವರು, ಬೊರಿವಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ವಾರದ ರಜೆಯ ದಿನ ಗೊರಾಯಿ ಖಾಡಿಗೆ, ಅಂದರೆ ಅಲ್ಲಿನ ಕಡಲ ಹಿನ್ನೀರಿಗೆ, ಗಾಳ ಹಾಕಲು ಹೋಗುತ್ತಿದ್ದರು. ಅವರಿಗೆ ಬೇಕಾದದ್ದು ಜಿತಾಡಾ ಒಂದೇ. ಇಂಗ್ಲಿಷಿನವರು ಸೀ ಬಾಸ್ ಎನ್ನುವ ಮೀನು ಅದು. ಯಾವ ರಾಡ್, ಯಾವ ದಾರ, ಎಷ್ಟು ನಂಬರಿನ ಕೊಕ್ಕೆ ಎಂದು ಊಟದ ಹೊತ್ತಿಗೆಲ್ಲ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿಲ್ಲ ಎಂದೇ ಅಂದುಕೊಂಡಿದ್ದೆ.

ಅವರಿಗೆ ಸ್ಟ್ರೋಕ್ ಆಗಿ ಆಗ ಎಂಟು ತಿಂಗಳಾಗಿತ್ತು. ಮಾತು ಮರಳಿತ್ತು, ನಡಿಗೆ ಮರಳಿತ್ತು. ಬಲಗೈ ಹಿಡಿಯುತ್ತಿತ್ತು, ಆದರೆ ಅದಕ್ಕೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಗಾಳದ ಸಾಮಾನೆಲ್ಲ ಆಸ್ಪತ್ರೆಯಿಂದ ಬಂದ ವಾರವೇ ಬಿಲ್ಡಿಂಗಿನವರಿಗೆ ಕೊಟ್ಟುಬಿಟ್ಟಿದ್ದರು. ದಿನವಿಡೀ ಟಿ.ವಿ. ಮುಂದೆ ಕೂರುತ್ತಿದ್ದರು, ಅದನ್ನು ಹಾಕುತ್ತಲೂ ಇರಲಿಲ್ಲ. "ಏನಾದರೂ ಇಷ್ಟದ ಕೆಲಸ ಕೊಡಿ, ಇಲ್ಲದಿದ್ದರೆ ಹೀಗೇ ಉಳಿದುಬಿಡುತ್ತಾರೆ" ಎಂದು ವ್ಯಾಯಾಮ ಮಾಡಿಸಲು ಬರುವಾಕೆ ಹೇಳಿದಳು. ಕಚೇರಿ, ಲೋಕಲ್ ರೈಲು, ಅಡಿಗೆ, ಅವರ ಕೈ ನೀವುವುದು, ಇಷ್ಟರಲ್ಲಿ ನಾನು ಸೋತುಹೋಗಿದ್ದೆ. ರಾಡ್ ತರಲು ಹೊರಟದ್ದು ಅವರಿಗಾಗಿಯಷ್ಟೇ ಅಲ್ಲ, ನನಗೆ ಎರಡು ಗಂಟೆ ಬಿಡುವು ಸಿಗಲಿ ಎಂದೂ ಇರಬಹುದು.

ಕಚೇರಿ ಬಿಟ್ಟು ಮಸೀದಿ ಬಂದರ್ ಕಡೆಯ ಒಂದು ಗಾಳದ ಅಂಗಡಿಗೆ ಹೋದೆ. ಅಂಗಡಿಯ ಮಾಲೀಕರು ಬಿಳಿ ಗಡ್ಡದ ಮುದುಕ, ಎಲ್ಲರೂ ಚಾಚಾ ಎನ್ನುತ್ತಿದ್ದರು. ಹಿಂದಿಯಲ್ಲಿ ಕೇಳಿದರು, "ಯಾವ ಮೀನು?"

"ಜಿತಾಡಾ. ಗೊರಾಯಿ ಜೆಟ್ಟಿಯಿಂದ."

"ಹಿಡಿಯುವವರು ನೀವೇನಾ, ಬೆಹೆನ್?"

"ನನ್ನ ಗಂಡ. ಇಪ್ಪತ್ತು ವರ್ಷ ಹಿಡಿದವರು."

"ಹಾಗಾದರೆ ಅವರನ್ನೇ ಕಳಿಸಬೇಕಿತ್ತು. ರಾಡ್ ಅಂದರೆ ಚಪ್ಪಲಿ ಇದ್ದ ಹಾಗೆ. ಬೇರೆಯವರ ಕಾಲಿಗೆ ಹಾಕಿ ನೋಡಿ ಒಯ್ಯುವುದಲ್ಲ."

"ಅವರಿಗೆ ಪುರುಸೊತ್ತಿಲ್ಲ" ಎಂದೆ. ಪುರುಸೊತ್ತು ಬಿಟ್ಟರೆ ಅವರ ಬಳಿ ಬೇರೇನೂ ಇರಲಿಲ್ಲ.

ಚಾಚಾ ಎರಡು ರಾಡ್ ಇಟ್ಟರು. ಒಂದು ಗಿಡ್ಡ, ಮೆತ್ತಗೆ ಬಾಗುವಂಥದು, ಅದಕ್ಕೆ ದಪ್ಪ ನೈಲಾನ್ ದಾರ. "ಹೊಸಬರಿಗೆ, ವಯಸ್ಸಾದವರಿಗೆ ಇದು" ಎಂದರು. ಇನ್ನೊಂದು ಎಂಟು ಅಡಿಯ ಗಟ್ಟಿ ರಾಡ್. ಅದರ ದಾರ ಹೆಣೆದದ್ದು, ಬ್ರೇಡ್ ಎನ್ನುತ್ತಾರೆ. ಹೊಲಿಗೆ ದಾರದಷ್ಟು ಸಣ್ಣ, ಆದರೆ ಹಿಗ್ಗುವುದಿಲ್ಲ, ತುಂಡಾಗುವುದಿಲ್ಲ. ಊಟದ ಹೊತ್ತಿನ ಮಾತುಗಳಲ್ಲಿ ಅವರು ಆಸೆಪಡುತ್ತಿದ್ದದ್ದು ಇದನ್ನೇ. ಮೆತ್ತಗಿನದನ್ನು ಒಯ್ದರೆ, ನಿಮ್ಮ ಕೈಗೆ ಇನ್ನು ಇಷ್ಟೇ ಸಾಧ್ಯ ಎಂದು ನಾನೇ ಅವರಿಗೆ ಹೇಳಿದಂತಾಗುತ್ತದೆ ಅನಿಸಿತು. ಗಟ್ಟಿಯದನ್ನೇ ಕೊಂಡೆ.

ಮನೆಗೆ ಮರಳುವ ರೈಲಿನ ಲೇಡೀಸ್ ಡಬ್ಬಿಯಲ್ಲಿ ಅದನ್ನು ಹಿಡಿದು ನಿಂತಿದ್ದಾಗ ಒಬ್ಬಾಕೆ ಮರಾಠಿಯಲ್ಲಿ, "ಯಾರನ್ನು ಬಡಿಯಲಿಕ್ಕೆ ತಾಯಿ, ಗಂಡನನ್ನೋ ಅತ್ತೆಯನ್ನೋ?" ಎಂದಳು. "ಇನ್ನೂ ಯೋಚಿಸಿಲ್ಲ" ಎಂದೆ. ಅವಳು ಸರಿದು ನನಗೆ ಅರ್ಧ ಸೀಟು ಕೊಟ್ಟಳು.

ಮನೆಯಲ್ಲಿ ಅವರು, "ಇಷ್ಟು ದೊಡ್ಡದು ಎಂಥಕ್ಕೆ ಮಾರಾಯ್ತಿ, ತಿಮಿಂಗಿಲ ಹಿಡಿಯಲಿಕ್ಕುಂಟಾ?" ಎಂದರು. ಆದರೆ ಎಡಗೈಯಿಂದ ರಾಡಿನ ಮೇಲೆ ದಾರ ಹಾಯುವ ಒಂದೊಂದು ಬಳೆಯನ್ನೂ ಮುಟ್ಟಿ ನೋಡಿದರು. ಎಂಟು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು.

ಭಾನುವಾರ ಬೆಳಿಗ್ಗೆ ಇಬ್ಬರೂ ಜೆಟ್ಟಿಗೆ ಹೋದೆವು. ಕೊಕ್ಕೆಗೆ ಜೀವಂತ ಸಿಗಡಿ ಸಿಕ್ಕಿಸಿಕೊಟ್ಟೆ, ಅವರು ಎಡಗೈಯಲ್ಲೇ ಬೀಸಿದರು. ಬಿಸಿಲು ಏರುತ್ತಿತ್ತು. ನಾನು ಕಲ್ಲಿಗೆ ಒರಗಿದೆ.

"ಉಂಟು, ಉಂಟು. ದೊಡ್ಡದೇ" ಎಂದರು. ಸ್ವಲ್ಪ ಹೊತ್ತಿಗೆ, "ಥತ್, ಮೀನಲ್ಲ. ದೋಣಿ ಹಗ್ಗಕ್ಕೆ ಸಿಕ್ಕಿಕೊಂಡಿದೆ" ಎಂದರು. ನಾನು ಕಣ್ಣು ಮುಚ್ಚಿದೆ.

ಕೊಕ್ಕೆ ಸಿಕ್ಕಿಕೊಂಡರೆ ಗಾಳ ಹಾಕುವವರೆಲ್ಲ ಮಾಡುವುದು ಒಂದೇ. ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿ, ಮೈಭಾರ ಹಾಕಿ ಹಿಂದೆ ಸರಿಯುವುದು. ಅವರ ಹಳೆಯ ನೈಲಾನ್ ದಾರ ಆದರೆ ಹಿಗ್ಗಿ ಕಡಿದುಹೋಗುತ್ತದೆ, ಬ್ರೇಡ್ ಕಡಿಯದೆ ಕೈಯನ್ನೇ ಕೊಯ್ಯುತ್ತದೆ. ಇಪ್ಪತ್ತು ವರ್ಷದ ರೂಢಿ, ಸುತ್ತಿದ್ದು ಬಲಗೈಗೆ.

ನಾನು ಕಣ್ಣು ಬಿಟ್ಟಾಗ ಕಲ್ಲಿನ ಮೇಲೆ ಹನಿಗಳಿದ್ದವು. ಸಿಗಡಿ ಡಬ್ಬಿಯ ನೀರೇನೋ ಅಂದುಕೊಂಡೆ, ಆದರೆ ಹನಿ ಕೆಂಪಗಿತ್ತು. ಅವರು ಇನ್ನೂ ಎಳೆಯುತ್ತಿದ್ದರು.

"ರೀ, ಕೈ ನೋಡ್ಕೋರಿ."

"ಎಂಥದು?"

"ನಿಮ್ಮ ಕೈ ರೀ."

ಯಾರದೋ ಕೈ ನೋಡಿದಂತೆ ನೋಡಿದರು. ದಾರ ಎರಡು ಬೆರಳುಗಳ ಬುಡದಲ್ಲಿ ಹೂತು ಕಾಣಿಸುತ್ತಲೇ ಇರಲಿಲ್ಲ. "ನನಗೆ ಗೊತ್ತೇ ಆಗ್ಲಿಲ್ಲ" ಎಂದರು. ಚೀಲದಲ್ಲಿದ್ದ ಚಾಕುವಿನಿಂದ ದಾರ ಕತ್ತರಿಸಿದೆ.

ಇನ್ನೊಂದು ಸಲ ಜಗ್ಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದು ಹೊಲಿಗೆ ಹಾಕಿದ ಡಾಕ್ಟರು ಹೇಳಿದರು. ರಿಕ್ಷಾದಲ್ಲಿ ಅವರು, "ಸಾಕು ಇನ್ನು. ಅದನ್ನು ಯಾರಿಗಾದರೂ ಕೊಡು" ಎಂದರು. ಮನೆಗೆ ಬಂದು ಟಿ.ವಿ. ಮುಂದೆ ಕೂತರು.

ಮರುದಿನ ಸಂಜೆ ರಾಡ್ ಹೊತ್ತು ಚಾಚಾನ ಅಂಗಡಿಗೆ ಹೋದೆ. ಈ ಸಲ ಎಲ್ಲ ಹೇಳಿದೆ. ದಾರದ ಮೇಲೆ ಕಂದು ಕಲೆ ಇತ್ತು. ಚಾಚಾ ಅದನ್ನು ನೋಡಿ ಬದಿಗಿಟ್ಟು, ಸ್ಟೂಲು ಎಳೆದು ನನ್ನನ್ನು ಕೂರಿಸಿ ಚಹಾ ತರಿಸಿದರು.

"ಮೀನು ಯಾವುದು ಅಂತ ಹೇಳಿದಿರಿ, ಕೈ ಯಾರದು ಅಂತ ಹೇಳಲಿಲ್ಲ" ಎಂದರು. ಚಹಾ ನನ್ನ ಕಡೆ ಸರಿಸಿ, "ನಾನೂ ಕೇಳಲಿಲ್ಲ. ಇಷ್ಟು ವರ್ಷದಿಂದ ಮಾರುತ್ತಿದ್ದೇನೆ, ಕೇಳಬೇಕಿತ್ತು" ಎಂದರು.

ಗಂಡನ ಕೈಗೆ ಎಲ್ಲಿಂದ ಎಲ್ಲಿಯವರೆಗೆ ಸ್ಪರ್ಶ ತಿಳಿಯುವುದಿಲ್ಲ ಎಂದು ನನ್ನ ಕೈಯ ಮೇಲೇ ತೋರಿಸಲು ಹೇಳಿದರು. ಆಮೇಲೆ ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಹುಡುಕಿದರು. ಬಲ ಕಂಕುಳಲ್ಲಿ ಒತ್ತಿಹಿಡಿಯುವಷ್ಟು ಉದ್ದ ಹಿಡಿಯ ಹಗುರ ರಾಡ್, ಎಡಗೈಯಿಂದ ತಿರುಗಿಸಿ ದಾರ ಸುತ್ತುವ ರೀಲು, ದಪ್ಪ ನೈಲಾನ್. ಜೊತೆಗೆ ಒಂದು ಗೇಣುದ್ದದ ಮರದ ತುಂಡು. "ಸಿಕ್ಕಿಕೊಂಡರೆ ಇದಕ್ಕೆ ಸುತ್ತಿ ಎಳೆಯಲಿ, ಕೈಗೆ ಬೇಡ. ಹಳೆಯದನ್ನು ಇಲ್ಲೇ ಬಿಡಿ." ಒಂದು ಪೈಸೆಯನ್ನೂ ಮುಟ್ಟಲಿಲ್ಲ.

ಆರು ವಾರ ಆ ರಾಡ್ ಬಾಗಿಲ ಹಿಂದೆ ನಿಂತಿತ್ತು. ಗುಡಿಸುವಾಗ ನಾನು ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಒಂದು ದಿನ ಕಚೇರಿಯಿಂದ ಬಂದಾಗ ಅವರು ಕುರ್ಚಿಯಲ್ಲಿ ಕೂತು ರಾಡನ್ನು ಕಂಕುಳಿಗೆ ಸಿಕ್ಕಿಸಿ ರೀಲು ತಿರುಗಿಸುತ್ತಿದ್ದರು. "ಮುದುಕ ಲೆಕ್ಕ ಸರಿ ಹಾಕಿದ್ದಾನೆ" ಎಂದರು.

ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಜಿತಾಡಾ ಇನ್ನೂ ಸಿಕ್ಕಿಲ್ಲ. ಆ ದಿನ ನೋವಾಗಿತ್ತು, ಇವಳು ಹೆದರಬಾರದೆಂದು ಹೇಳಲಿಲ್ಲ ಅಷ್ಟೇ ಎಂದು ಅವರು ಈಗ ಬಂದವರಿಗೆಲ್ಲ ಹೇಳುತ್ತಾರೆ. "ಗೊತ್ತೇ ಆಗಲಿಲ್ಲ" ಎಂದೇ ಆ ಭಾನುವಾರದ ಕೆಳಗೆ ನನ್ನ ದಿನಚರಿಯಲ್ಲಿದೆ. ಆದರೆ ಕಣ್ಣು ಮುಚ್ಚಿದ್ದವಳು ನಾನು, ಹಾಗಾಗಿ ವಾದ ಮಾಡುವುದಿಲ್ಲ.

ಹೋಗುವ ಹಿಂದಿನ ಸಂಜೆ ಕೊಕ್ಕೆ ಕಟ್ಟುವಾಗ ಅವರು ಎಡಗೈಯಿಂದಲೂ ಹಲ್ಲಿನಿಂದಲೂ ಗಂಟು ಹಾಕುತ್ತಾರೆ. ದಾರದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿಯುವುದು ನನ್ನ ಕೆಲಸ. ಗಂಟು ಕೂತ ಮೇಲೆ ನನ್ನ ಬೆರಳುಗಳನ್ನು ಬೆಳಕಿಗೆ ತಿರುಗಿಸಿ, "ಕೊಯ್ದಿತಾ?" ಎಂದು ಕೇಳುತ್ತಾರೆ. ಕೊಯ್ದಿದ್ದರೆ ಈಗ ಹೌದು ಎಂದೇ ಹೇಳುತ್ತೇನೆ.