ಗಾಳಿಗೆ ಅಡ್ಡ ನಿಂತ ಬಸ್ಸು

ಹೋದ ವರ್ಷ ಯುಗಾದಿ ಕಳೆದ ಎರಡನೆಯ ಭಾನುವಾರ, ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ, ಪಶ್ಚಿಮಕ್ಕೆ ಮೂತಿ ಮಾಡಿ ನಿಂತಿದ್ದ ಹಳದಿ ಶಾಲಾ ಬಸ್ಸೊಂದನ್ನು ದಕ್ಷಿಣಕ್ಕೆ ತಿರುಗಿಸಲಾಯಿತು. ಬಸ್ಸಿಗೆ ಇಂಜಿನ್ ಇರಲಿಲ್ಲ. ಎರಡು ಟ್ರಾಕ್ಟರ್ ಎಳೆದವು. ಬಸ್ಸಿನ ಒಡತಿ ನನ್ನ ಅಕ್ಕ ಸಾವಿತ್ರಿ.

ಇದನ್ನು ಬರೆಯುತ್ತಾ ನಾನು ಕೂತಿರುವುದು ಆ ಬಸ್ಸಿನದೇ ಸೀಟಿನ ಮೇಲೆ. ಚಿತ್ರದುರ್ಗದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದೆ. ಕಿಟಕಿಯ ಬಿಸಿಲು ಬಿದ್ದರೆ ರೆಕ್ಸಿನ್ ವಾಸನೆ ಏಳುತ್ತದೆ. ಅದರ ಹಿಂದೆಯೇ ಯಾವ ಮಕ್ಕಳ ಡಬ್ಬಿಯಿಂದ ಯಾವ ಕಾಲದಲ್ಲಿ ಸೋರಿತೋ, ಉಪ್ಪಿನಕಾಯಿ ಎಣ್ಣೆಯ ವಾಸನೆ. ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ. ಪತ್ರಿಕೆಯ ಕಚೇರಿಯಲ್ಲಿ ಬೇರೆಯವರ ವಾಕ್ಯಗಳಿಗೆ ಕೆಂಪು ಗೆರೆ ಎಳೆದೇ ಆಯುಷ್ಯ ಕಳೆದವನು ನಾನು. ಅಕ್ಕನ ಯೋಜನೆಗೂ ಮೂರು ಸಲ ಗೆರೆ ಎಳೆದಿದ್ದೆ. ಈ ವಾಸನೆ ಬಂದಾಗಲೆಲ್ಲ ಅದು ನೆನಪಾಗುತ್ತದೆ.

ಅಕ್ಕ ಅದೇ ಬಸ್ಸಿನಲ್ಲಿ ಆಯಾ ಆಗಿದ್ದವಳು. ಮಕ್ಕಳನ್ನು ಹತ್ತಿಸಿ, ತಲೆ ಮುಟ್ಟಿ ಎಣಿಸಿ, ಬಸ್ಸಿನ ಮೈಗೆ ಎರಡು ಸಲ ಬಡಿದು "ರೈಟ್" ಅಂದ ಮೇಲೆಯೇ ಡ್ರೈವರ್ ಗೇರು ಹಾಕುತ್ತಿದ್ದ. ಬಹಳ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಾನೂ ಅದರಲ್ಲಿ ಹೋಗಿದ್ದೆ. ಐಮಂಗಲದಲ್ಲಿ ಒಂದು ಹುಡುಗಿ ಬಂದಿರಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ, ಗಡಿಯಾರ ತೋರಿಸಿದ. ಅಕ್ಕ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಿದ್ದಳು. "ನಾನು ಹತ್ದಂಗೆ ಬಸ್ ಹೆಂಗ್ ಹೋಗ್ತೈತೆ ನೋಡಾಣ" ಅಂದಳು. ಒದ್ದೆ ಜಡೆಯ ಹುಡುಗಿ ಓಡಿ ಬರುವವರೆಗೆ ಬಸ್ಸು ಹೋಗಲಿಲ್ಲ. ನೀವು ಅಕ್ಕನನ್ನು ನೋಡಿಲ್ಲವಾದ್ದರಿಂದ ಇಷ್ಟು ಹೇಳಬೇಕಾಯಿತು.

ಭಾವ ತೀರಿಕೊಂಡ ಮೇಲೆ ಅವಳು ಹಿರಿಯೂರಿನ ಬಾಡಿಗೆ ಮನೆಗಳಲ್ಲಿದ್ದಳು. ಒಬ್ಬರಿಗೆ ಮಗಳ ಬಾಣಂತನಕ್ಕೆ ಮನೆ ಬೇಕು, ಇನ್ನೊಬ್ಬರಿಗೆ ಒಡೆದು ಕಟ್ಟಬೇಕು. ಇಳಿಸಿ ಹತ್ತಿಸಿ ಅವಳ ಬೀರುವಿನ ಒಂದು ಕಾಲು ಮುರಿದು, ಆ ಜಾಗದಲ್ಲಿ ಇಟ್ಟಿಗೆ ಬಂದಿತ್ತು. ಐದನೆಯ ಮನೆಯವರೂ ಏಪ್ರಿಲ್ ಮುಗಿಯುವುದರೊಳಗೆ ಬಿಡಿ ಅಂದಾಗ ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಫೋನ್ ಮಾಡಿದೆ.

"ಅದು ನಿನ್ನ ಮನೆ ಕಣೋ" ಅಂದಳು. "ಯಾರೋ ಏಳು ಅಂದ್ರೆ ಏಳಬೇಕಾದ ಜಾಗದಾಗೆ ಇನ್ನು ನಾನು ಕುಂತ್ಕಳಲ್ಲ."

"ನಾನು ಏಳು ಅಂತೀನೇನಕ್ಕ?"

"ನೀನು ಅನ್ನಲ್ಲ. ನನಗೇ ಅನ್ಸುತ್ತೆ."

ಅವಳಿಗೆ ಅವ್ವ ಬಿಟ್ಟುಹೋದ ಮೂರು ಗುಂಟೆ ಆದಿವಾಲದಲ್ಲಿತ್ತು. ಆ ಹೊತ್ತಿಗೆ ಶಾಲೆಯವರು ಹಳೆಯ ಬಸ್ಸನ್ನು ಗುಜರಿಗೆ ಹಾಕುತ್ತಿದ್ದರು. ಇಂಜಿನ್ನೂ ಚಕ್ರಗಳೂ ಗುಜರಿಯವನಿಗೆ, ಬಾಡಿ ಅಕ್ಕನಿಗೆ ಎಂದು ಮಾತಾಯಿತು. "ಗೋಡೆ ಐತೆ, ಸೂರೈತೆ, ಮೆಟ್ಟಿಲೂ ಐತೆ. ಇನ್ನೇನು ಬೇಕು?" ಎಂದಳು. ಆಗಲ್ಲ ಎಂದು ನಾನು ಮೊದಲ ಗೆರೆ ಎಳೆದೆ.

ಕೆಲಸ ಹಿಡಿದವರು ಹಿರಿಯೂರಿನ ಇಮಾಮ್ ಸಾಬರು. ಅವರ ಅಜ್ಜ ಜಟಕಾ ಗಾಡಿ ಕಟ್ಟುತ್ತಿದ್ದರಂತೆ. ಇವರು ಬಸ್ಸು, ಲಾರಿಗಳ ಬಾಡಿ ಕಟ್ಟುತ್ತಾರೆ. ಸೀಟು ಬಿಚ್ಚಿದರು, ಮಂಚ ಕೂರಿಸಿದರು, ಅಡುಗೆ ಕಟ್ಟೆ ಮಾಡಿದರು. ಚಕ್ರ ಕಳಚುವ ಮೊದಲೇ ಬಸ್ಸನ್ನು ದಾರಿಯಿಂದ ನೇರ ಒಳಕ್ಕೆಳೆದು, ಸೈಜುಗಲ್ಲುಗಳ ಮೇಲೆ ಕೂರಿಸಿಯಾಗಿತ್ತು. ಕೊನೆಗೆ ಮೇಲೆ ಪೈಪಿನಿಂದ ನೀರು ಹೊಡೆದು ತೋರಿಸಿದರು. "ಅಕ್ಕಾರೆ, ಒಂದು ಹನಿ ಒಳಗೆ ಬಂದ್ರೆ ನನ್ನ ಹೆಸರು ಬ್ಯಾರೆ ಇಡ್ರಿ!"

ನೀರು ಬರಲಿಲ್ಲ. ಗಾಳಿಯೂ ಬರಲಿಲ್ಲ.

ಮೊದಲ ಮಧ್ಯಾಹ್ನ ಅಕ್ಕ ಒಳಗೆ ಒಂದು ಗಂಟೆ ಕೂತು, ಸೆರಗು ಹಿಂಡುವಂತಾಗಿ ಇಳಿದಳು. ಹದಿನಾರು ಕಿಟಕಿಗಳೂ ತೆರೆದೇ ಇದ್ದವು. ಇಮಾಮ್ ಸಾಬರು ತಗಡು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು, ಬೇವಿನ ನೆರಳಿನಲ್ಲಿ ಕುಕ್ಕರಿಸಿದರು. "ತಪ್ಪು ನಂದೇ ಅಕ್ಕಾರೆ. ನಾವು ಮೂರು ತಲೆಯಿಂದ ಓಡೋ ಗಾಡೀನೇ ಕಟ್ಟಿರೋದು. ಓಡಿದ್ರೆ ಗಾಳಿ ತಾನೇ ಬರ್ತೈತೆ. ನಿಂತಿದ್ದಕ್ಕೆ ಎಲ್ಲಿಂದ ಬರ್ತೈತೆ ಅಂತ ಯಾವತ್ತೂ ಯೋಚ್ನೆ ಮಾಡ್ಲಿಲ್ಲ ನೋಡ್ರಿ."

ನಾನು ಎರಡನೆಯ ಗೆರೆ ಎಳೆದೆ. ಕೋಣೆಗೆ ಸುಣ್ಣ ಹೊಡೆಸಿದ್ದನ್ನು ಮತ್ತೆ ನೆನಪಿಸಿದೆ. ಅಕ್ಕ ಹಳೆಯ ಸೀರೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದು, ಹದಿನಾರು ಕಿಟಕಿಗೂ ಒಂದೊಂದು ಕಟ್ಟಿದಳು. ಮುಂದಿನ ಗಾಜಿನ ವೈಪರ್ ಕಡ್ಡಿಗೂ ಒಂದು ಕಟ್ಟಿದಳು. ಮೂರು ದಿನ ಬೇವಿನ ಕೆಳಗೆ ಕೂತು ನೋಡಿದಳು. ಕಿಟಕಿಯ ಪಟ್ಟಿಗಳು ಜೋತುಬಿದ್ದಿದ್ದವು. ವೈಪರಿನದು ಮಾತ್ರ ಗಾಜಿಗೆ ಪಟಪಟ ಬಡಿಯುತ್ತಿತ್ತು. ನಮ್ಮ ಕಡೆ ಗಾಳಿ ಬರುವುದು ಪಡುವಣದಿಂದ. ಬಸ್ಸಿನ ಮೂತಿಯೂ ಅತ್ತಲೇ. ತೆರೆಯಲಾಗದ ಗಾಜಿಗೆ ಬಡಿದು, ಗಾಳಿ ಎರಡೂ ಪಕ್ಕ ಜಾರಿಹೋಗುತ್ತಿತ್ತು.

"ತಿರುಗಿಸ್ರಿ ಇದನ್ನ" ಎಂದಳು. "ಗಾಳಿಗೆ ಅಡ್ಡ ನಿಲ್ಸಿ."

ಚಕ್ರವೇ ಇಲ್ಲ, ಆಗಲ್ಲ ಎಂದೆ. ಅದು ಮೂರನೆಯದು.

ಭಾನುವಾರ ಇಮಾಮ್ ಸಾಬರು ತಮ್ಮ ಶೆಡ್ಡಿನಲ್ಲಿ ಬಣ್ಣಕ್ಕೆ ನಿಂತಿದ್ದ ಬಸ್ಸಿನ ಚಕ್ರಗಳನ್ನು ಕಳಚಿಕೊಂಡು ಬಂದರು. "ಬೇಗ ಬೇಗ. ಸಾಯಂಕಾಲ ಅದಕ್ಕೆ ವಾಪಸ್ ಹಾಕ್ಬೇಕು, ನಾಳೆ ಅದು ಹೊಸದುರ್ಗಕ್ಕೆ ಹೋಗ್ಬೇಕು." ಪಕ್ಕದ ತೋಟದ ತಿಪ್ಪೇಸ್ವಾಮಿ ತನ್ನ ಟ್ರಾಕ್ಟರನ್ನೂ ತಮ್ಮನದನ್ನೂ ತಂದ. ನನಗೆ ಒಪ್ಪಿಸಿದ ಕೆಲಸ ಚಕ್ರಕ್ಕೆ ಕಲ್ಲು ಕೊಡುವುದು. ಬಸ್ಸು ಇನ್ನೂ ಮೊಳದಷ್ಟು ಸರಿಯಬೇಕಿರುವಾಗಲೇ ಕೊಟ್ಟುಬಿಟ್ಟೆ.

"ಲೇ, ಎಲ್ಲಾದಕ್ಕೂ ಕಲ್ಲು ಹಾಕೋದೇ ಆಯ್ತಲ್ಲೋ ನಿಂದು!" ಅಕ್ಕ ಕೂಗಿದಳು. ತಿಪ್ಪೇಸ್ವಾಮಿ ಟ್ರಾಕ್ಟರ್ ಮೇಲೇ ನಕ್ಕ. ಕಲ್ಲು ತೆಗೆದೆ. ಅಕ್ಕ ಬಸ್ಸಿನ ಮೈಗೆ ಎರಡು ಸಲ ಬಡಿದಳು. "ರೈಟ್!"

ಮಧ್ಯಾಹ್ನದ ಹೊತ್ತಿಗೆ ಅದು ಪಶ್ಚಿಮಕ್ಕೆ ಪೂರ್ತಿ ಪಕ್ಕೆ ಕೊಟ್ಟು ನಿಂತಿತು. ಎಂಟು ಕಿಟಕಿಯ ಪಟ್ಟಿಗಳು ಒಳಕ್ಕೆ ಹಾರಿದವು, ಎದುರಿನ ಎಂಟು ಹೊರಕ್ಕೆ. ಅಕ್ಕ ಒಳಗೆ ಹೋಗಿ ಕೂತಳು. ಒಂದು ಗಂಟೆಯಾದರೂ ಇಳಿಯಲಿಲ್ಲ. ನಾನು ಮೆಟ್ಟಿಲ ಬಳಿ ಹೋದಾಗ, "ಯಾಕೆ ಅಲ್ಲೇ ನಿಂತೆ? ಬಾ, ಕುಂತ್ಕ" ಅಂದಳು. ಆಮೇಲೆ ತಗಡಿನ ಮೇಲೆ ಒಂದು ಅಡಿ ಎತ್ತರಕ್ಕೆ ತೆಂಗಿನ ಗರಿಯ ಚಪ್ಪರವೂ ಬಂತು. ಏಪ್ರಿಲ್ ಕೊನೆಯ ವಾರ ಬೀರು ಬಂತು. ಇಟ್ಟಿಗೆಯ ಬದಲು ಇಮಾಮ್ ಸಾಬರು ಅದಕ್ಕೊಂದು ಕಬ್ಬಿಣದ ಕಾಲು ಬೆಸೆದರು.

ಬಿಚ್ಚಿದ ಸೀಟುಗಳಲ್ಲಿ ಒಂದನ್ನು ಅಕ್ಕ ನನಗೆ ಕಳಿಸಿದಳು. "ಸುಣ್ಣ ಹೊಡೆಸಿದೀಯಲ್ಲ, ಆ ಕೋಣೆಗೆ ಹಾಕ್ಕ" ಅಂದಳು. ಈಗ ನಾನು ಬರೆಯುವುದು ಅಲ್ಲೇ. ಕೆಂಪು ಪೆನ್ನು ಹಜಾರದ ಮೇಜಿನಲ್ಲೇ ಉಳಿದಿದೆ.

ಈಗ ಆಷಾಢ. ನಿನ್ನೆ ಸಂಜೆ ಫೋನ್ ಮಾಡಿದ್ದೆ. ಹದಿನಾರು ಕಿಟಕಿಗಳಲ್ಲಿ ಹದಿನಾಲ್ಕು ತೆರೆದಿವೆ. ಒಲೆಯ ಪಕ್ಕದ ಎರಡನ್ನು ಅಕ್ಕ ಮುಚ್ಚಿದ್ದಾಳೆ. ಗಾಳಿಗೆ ಉರಿ ನಿಲ್ಲುತ್ತಿಲ್ಲವಂತೆ.