ಬಿಸಿ ತಡೆಯುವ ಲೋಟಕ್ಕಾಗಿ

ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆರನೇ ಮಹಡಿಯ ಕಚೇರಿಯಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಬೇರೆ ಬೇರೆ ಅಂಗಡಿಯವರು ಮಾದರಿಗೆಂದು ಕೊಟ್ಟ ಲೋಟಗಳು ಸಿಂಕಿನ ಪಕ್ಕ ಸಾಲಾಗಿ ನಿಂತಿವೆ. ಒಂದು ಕಬ್ಬಿನ ಸಿಪ್ಪೆಯದು, ಒಂದು ಬಿದಿರಿನ ನಾರಿನದು. ಇನ್ನೊಂದು ಯಾತರದ್ದೋ, ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರ ಬಿಟ್ಟರೆ ಬೇರೇನಿಲ್ಲ. ಕಚೇರಿಯವರೆಲ್ಲ ‘ಅಕ್ಕ’ ಎಂದೇ ಕರೆಯುವ ಹೆಂಗಸು ಒಂದೊಂದಕ್ಕೂ ಕುದಿಯುವ ಚಹಾ ಸುರಿದು, ಎತ್ತಿ ಹಿಡಿದು, ತಳ ಮುಟ್ಟಿ ನೋಡುತ್ತಾರೆ. ಒಲೆಯ ಮೇಲಿಟ್ಟ ಹಾಲು ನೋಡಲು ಹೋಗುತ್ತಾರೆ, ಅರ್ಧ ದಾರಿಯಿಂದಲೇ ತಿರುಗಿ ಬಂದು ಮತ್ತೆ ತಳ ಮುಟ್ಟುತ್ತಾರೆ.

“ಸುಮ್ನೆ ಕೂತ್ಕೋ ಅಂತಾರೆ ಎಲ್ರೂ. ಜನ ಕುಡಿದು ಲೋಟ ಕೆಳಗಿಡೋ ತನಕ ನನಗೆ ಕೂರೋಕಾಗಲ್ಲ.”

ಗಂಡ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಅಕ್ಕ ಈ ಕೆಲಸಕ್ಕೆ ಬಂದವರು. ಆಮೇಲೆ ಜೊತೆಯಲ್ಲೇ ಇರುವ ನಾದಿನಿಯನ್ನೂ ಪಾತ್ರೆ ತೊಳೆಯಲು ಕರೆತಂದರು. ಪ್ಲಾಸ್ಟಿಕ್ ಲೋಟ, ತಟ್ಟೆ ಇನ್ನು ಬೇಡವೆಂದು ಕಚೇರಿ ತೀರ್ಮಾನಿಸಿದಾಗ, “ದಿನಾ ಬಳಸೋರು ನೀವು, ನೀವೇ ಆರಿಸಿ” ಎಂದರು ಮ್ಯಾನೇಜರ್ ಮೇಡಂ. ಅಕ್ಕ ಹಿರಿಹಿರಿ ಹಿಗ್ಗಿದರು. ಹಾಲಿನಂತೆ ಬೆಳ್ಳಗಿದ್ದ, ಮಣ್ಣಲ್ಲಿ ಮಣ್ಣಾಗುತ್ತದೆಂದು ಅಂಗಡಿಯವನು ಆಣೆ ಮಾಡಿದ ಲೋಟಗಳನ್ನು ತರಿಸಿದರು. ನಲ್ಲಿ ನೀರು ತುಂಬಿ ನೋಡಿದ್ದರು, ಸೋರಲಿಲ್ಲ. ಬಿಸಿಯದನ್ನು ಹಾಕಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಅದೇ ವಾರ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರ ಕೈಯಲ್ಲಿ ಲೋಟ ಮೆತ್ತಗಾಗಿ ಮಡಚಿಕೊಂಡಿತು. ಚಹಾ ತೊಡೆಯ ಮೇಲೆ ಸುರಿದು ಬೊಬ್ಬೆ ಎದ್ದಿತು.

“ಯಾರಾದ್ರೂ ಬೈದಿದ್ರೆ ಅತ್ತು ಹಗುರ ಆಗ್ತಿದ್ದೆ. ಒಬ್ಬರೂ ಬೈಲಿಲ್ಲ ನೋಡಿ, ಅದೇ ಒಳಗೊಳಗೇ ಕೊರೀತು.”

ಗಂಡನನ್ನು ಕರೆದುಕೊಂಡು ಹಿರಿಯರ ಮನೆಗೆ ಹೋದರು. ಕ್ಷಮೆ ಕೇಳಲು ಹೊರಟರೆ ಅವರೇ ನಕ್ಕು, “ಚಹಾ ಚೆನ್ನಾಗೇ ಇತ್ತಮ್ಮ, ಬಾಯಿಗೆ ಸಿಗಲಿಲ್ಲ ಅಷ್ಟೆ” ಎಂದರಂತೆ. ಅಕ್ಕನಿಗೆ ನಗು ಬರಲಿಲ್ಲ.

ಮರುದಿನವೇ ಮೇಡಂ ಮುಂದೆ ನಿಂತು, ದಿನಬಳಕೆಗೆ ಸ್ಟೀಲ್ ಲೋಟ ಸಾಕು, ಒಮ್ಮೆ ಬಳಸಿ ಎಸೆಯುವಂಥದ್ದು ಹೊರಗಿನವರು ಬಂದಾಗ ಮಾತ್ರ ಇರಲಿ ಎಂದರು. ಮೇಡಂ ಒಪ್ಪಿದರು. ಒಪ್ಪದವಳು ನಾದಿನಿ. “ಭೂಮಿ ಉಳಿಸೋಕೆ ನನ್ನ ಸೊಂಟ ಮುರೀಬೇಕಾ ಅತ್ತಿಗೆ?” ಎಂದು ಕೇಳಿ ಮುಖ ತಿರುಗಿಸಿದಳು. ಒಂದೇ ಬಸ್ಸಿನಲ್ಲಿ ಬಂದು, ಒಂದೇ ಒಲೆಯ ಅಡುಗೆ ಉಂಡೂ ಇಬ್ಬರ ನಡುವೆ ಮಾತಿಲ್ಲ. ಕೊನೆಗೆ ಅಕ್ಕನೇ ಮತ್ತೆ ಮೇಡಂ ಬಳಿ ಹೋದರು. ಅವರವರ ಲೋಟ ಅವರವರೇ ತೊಳೆಯಬೇಕು, ಇಲ್ಲವಾದರೆ ಈ ಏರ್ಪಾಡೇ ಬೇಡ ಎಂದರು.

ಈಗ ಕೆಲವರು ತೊಳೆಯುತ್ತಾರೆ, ಕೆಲವರು ಮೇಜಿನ ಮೇಲೆ ಬಿಟ್ಟು ಜಾರಿಕೊಳ್ಳುತ್ತಾರೆ. ಅಂಥವರ ಬಳಿಗೆ ನಾದಿನಿಯೇ ಲೋಟ ಹಿಡಿದು ಹೋಗುತ್ತಾಳೆ: “ಸಾರ್, ನಿಮ್ಮ ಮಗು ಅಳ್ತಿದೆ, ಸ್ನಾನ ಮಾಡಿಸ್ತೀರಾ?” ಇಡೀ ವಿಭಾಗ ನಗುತ್ತದೆ, ಸಾರ್ ಎದ್ದು ಸಿಂಕಿಗೆ ನಡೆಯುತ್ತಾರೆ. ಅತ್ತಿಗೆ ನಾದಿನಿ ಮತ್ತೆ ಮಾತಾಡುತ್ತಿದ್ದಾರೆ, ಜಗಳವನ್ನೂ ಆಡುತ್ತಿದ್ದಾರೆ.

ಇವತ್ತು ದೊಡ್ಡ ಸಭೆ, ಹೊರಗಿನಿಂದ ತುಂಬಾ ಜನ ಬರುವವರಿದ್ದಾರೆ. ಅದಕ್ಕೇ ಬೆಳಗಿನ ಈ ಪರೀಕ್ಷೆ. ಬಿದಿರಿನದು ಗಟ್ಟಿ ನಿಂತಿದೆ. ಹಸಿರೆಲೆಯದರ ತಳ ಆಗಲೇ ಉಬ್ಬಿದೆ. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ, ಖಾಲಿ ಪೊಟ್ಟಣವನ್ನು ದೀಪಕ್ಕೆ ಹಿಡಿದು ಹಿಂದೆಮುಂದೆ ತಿರುಗಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆ.

“ಎಲೆ ಚಿತ್ರ ಇಷ್ಟು ದೊಡ್ಡದಾಗಿ ಹಾಕ್ತಾರೆ. ಎಷ್ಟು ಬಿಸಿ ತಡೆಯುತ್ತೆ ಅನ್ನೋದನ್ನೂ ಅಷ್ಟೇ ದೊಡ್ಡದಾಗಿ ಬರೀಲಿ. ಲೋಟ ತುಂಬೋರು ನಾವು. ನಮಗೂ ಓದೋಕೆ ಬರುತ್ತೆ.”