ಅವ್ವ ಕೂಗಿದ ಒಂದು ಮೂಟೆ ರಾಗಿ

ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಹರಾಜು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಂಜನಗೂಡಿನಿಂದ ಹದಿನಾರು ಎಂಬ ಊರಿನ ಕಡೆಗೆ ಹೋಗುವ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮ ಬೀದಿ, ಬೀದಿಯ ತುದಿಗೆ ಮಾರಮ್ಮನ ಗುಡಿ. ಹಬ್ಬ ಮುಗಿದ ಮಾರನೆಯ ದಿನ ಹರಕೆಗೆ ಬಂದ ಸಾಮಾನನ್ನೆಲ್ಲ ಗುಡಿಯ ಮುಂದೆ ಹರಾಜು ಹಾಕುತ್ತಿದ್ದರು. ಹುಂಜ, ಸೀರೆ, ಕುಂಬಳಕಾಯಿ, ಹಿತ್ತಾಳೆ ಚೆಂಬು, ಒಮ್ಮೆ ಒಂದು ಸೈಕಲ್ಲು ಕೂಡ. ಕೈಯಲ್ಲಿ ದುಡ್ಡಿಲ್ಲದವರು ರಾಗಿಯಲ್ಲೂ ಕೂಗಬಹುದಿತ್ತು. ಮಾರಮ್ಮನಿಗೆ ನೋಟೂ ಒಂದೇ, ರಾಗಿಯೂ ಒಂದೇ. ಕೂಗಿದ್ದನ್ನು ತಂದು ಸುರಿಯದೆ ಮಾತ್ರ ಯಾರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಆ ಹರಾಜಿಗೆ ಇನ್ನೂ ಒಂದು ಕಟ್ಟಳೆ ಇತ್ತು. ಹರಕೆ ಕೊಟ್ಟ ಮನೆಯವರೇ ಎದ್ದು ಕೂಗಿಬಿಟ್ಟರೆ ಅಲ್ಲಿಗೆ ಮುಗಿಯಿತು, ಎದುರು ಕೂಗುವ ಹಾಗಿಲ್ಲ. ಸಾಮಾನ್ಯವಾಗಿ ಮನೆಯವರು ಕೂಗುತ್ತಿರಲಿಲ್ಲ, ದೇವರಿಗೆ ಕೊಟ್ಟದ್ದು ಕೊಟ್ಟ ಹಾಗೆ. ಕೂಗಿದರು ಅಂದರೆ ಆ ವಸ್ತುವನ್ನು ಬಿಟ್ಟಿರಲು ಅವರಿಂದ ಆಗುವುದಿಲ್ಲ ಎಂದು ಅರ್ಥ. ಒಬ್ಬ ಅಜ್ಜಿ ತೀರಿಹೋದ ಮಗಳ ಸೀರೆಯನ್ನು ಹರಕೆಗೆ ಒಪ್ಪಿಸಿ, ಹರಾಜಿನಲ್ಲಿ ತಡೆಯಲಾರದೆ ಎದ್ದು ಎರಡು ಸೇರು ರಾಗಿಗೆ ಕೂಗಿದ್ದನ್ನು ನಾನು ಕಂಡಿದ್ದೇನೆ. ಎದುರು ಯಾರೂ ಕೂಗಲಿಲ್ಲ. ಅಜ್ಜಿ ಸೀರೆಯನ್ನು ಎದೆಗೆ ಅವಚಿಕೊಂಡು ಮನೆಗೆ ಹೋದಳು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ನಡೆದದ್ದನ್ನು ಕೆಲವರು ಈಗಲೂ ನಮ್ಮವ್ವನ ಪೆದ್ದುತನ ಎಂದೇ ಹೇಳಿಕೊಂಡು ನಗುತ್ತಾರೆ. ನಗಲಿ. ಹಲ್ಲು ಅವರದು.

ತೊಂಬತ್ತರ ದಶಕದ ಕೊನೆಗೆ ನಾನು ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವಳು. ಕ್ಯಾನ್ವಾಸು, ಆಯಿಲ್ ಬಣ್ಣ ಎಲ್ಲ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚು ತೆಗೆಯುವುದು ನನಗೆ ಒಗ್ಗಿದ ವಿದ್ಯೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ಡಬ್ಬಿಯ ತಳದ ಮಸಿ ಕೊಡುತ್ತಿದ್ದರು. ಮೆಷಿನ್ನಿನ ಬದಲು ಮನೆಯ ಸೌಟು. ಮಸಿ ಬಳಿದ ಹಲಗೆಯ ಮೇಲೆ ತೆಳು ಕಾಗದ ಹಾಸಿ ಸೌಟಿನ ಬೆನ್ನಿನಿಂದ ಒಂದೇ ಸಮ ಉಜ್ಜಿದರೆ ಚಿತ್ರ ಮೂಡುತ್ತದೆ.

ಊರಿಗೆ ಬಂದು ಒಳ್ಳೆಯ ಹಲಗೆ ಹುಡುಕುತ್ತಿದ್ದವಳ ಕಣ್ಣಿಗೆ ಬಿದ್ದದ್ದು ಅವ್ವನ ಮಣೆ. ಹಲಸಿನ ಮರದ್ದು, ಅವಳು ಕೂತು ಸೊಪ್ಪು ಸೋಸುತ್ತಿದ್ದುದು, ಕೂತು ಕೂತು ಗಾಜಿನ ಹಾಗೆ ನುಣ್ಣಗಾಗಿತ್ತು. ಅವ್ವ ನಾಟಿಗೆ ಹೋದ ದಿನಗಳಲ್ಲಿ ಅದರ ಮೇಲೆ ಅವಳ ಮುಖವನ್ನೇ ಕೆತ್ತಿದೆ. ತಲೆಯ ಮೇಲೆ ಸೆರಗು, ಹಣೆಯ ಗೆರೆಗಳು, ಎಲೆಯಡಿಕೆ ಒತ್ತಿಕೊಂಡು ಉಬ್ಬಿದ ಎಡಗೆನ್ನೆ, ಎದುರಿಗಿದ್ದವರನ್ನು ‘ಏನೀಗ?’ ಎಂದು ಕೇಳುವ ಕಣ್ಣು. ಅವ್ವ ಒಂದು ದಿನಕ್ಕೂ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿದವಳಲ್ಲ. ಅವಳ ಮುಖ ಅವಳ ಮೈಮೇಲೆ ಬಿಟ್ಟರೆ ಇದ್ದದ್ದು ಆ ಮಣೆಯ ಮೇಲೆ ಮಾತ್ರ.

ಮೊದಲ ಅಚ್ಚು ಕೈಗೆ ಕೊಟ್ಟಾಗ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಎಲೆಅಡ್ಕೆ ಬಲಗಡೀಕೆ ಬಂದದಲ್ಲವ್ವ?”

ಅಚ್ಚಿನಲ್ಲಿ ಎಡ ಬಲವಾಗುತ್ತದೆ ಎಂದು ವಿವರಿಸಲು ಹೋದೆ. ಅವಳ ಗಮನ ಆಗಲೇ ಮಣೆಯ ಕಡೆ ಹೋಗಿತ್ತು.

“ಅಯ್ಯೋ ನಿನ್ನ! ನಾನು ಕುಂಡಿ ಊರಿ ಕೂರ್ತಿದ್ ಮಣೆ ಮ್ಯಾಲೆ ನನ್ ಮಕ ಕೆತ್ತಿದ್ದೀಯಾ? ಇನ್ನ ಕೂರದೆಲ್ಗೆ?”

ಹೊಸ ಮಣೆ ತಂದುಕೊಟ್ಟೆ. ಕೆತ್ತಿದ ಮಣೆಯನ್ನು ಅವ್ವ ಹಳೆ ಸೀರೆಯಲ್ಲಿ ಸುತ್ತಿ, ದೇವರ ಗೂಡಿನ ಕೆಳಗೆ ಇಟ್ಟಳು.

ಆ ವರ್ಷವೇ ನಂಜನಗೂಡಿನಲ್ಲಿ ಕಲಾಭಿಮಾನಿಗಳ ಒಂದು ಸಮಿತಿ ಚಿತ್ರಗಳ ಹರಾಜು ಏರ್ಪಡಿಸಿತು. ಬಂದ ದುಡ್ಡಿನಲ್ಲಿ ಅರ್ಧ ಕಲಾವಿದರಿಗೆ, ಅರ್ಧ ಹೊಸ ವಾಚನಾಲಯಕ್ಕೆ. ಸಮಿತಿಯ ಕಾರ್ಯದರ್ಶಿ ನಿವೃತ್ತ ಅಧಿಕಾರಿ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ನನ್ನ ಅಚ್ಚುಚಿತ್ರವನ್ನೂ ಆರಿಸಿದ್ದಾರೆಂದು ತಿಳಿದಾಗ ನಾನು ಹಿಗ್ಗಿಹೋದೆ, ಅದನ್ನೇನು ಮುಚ್ಚಿಡಲಿ. ನಮ್ಮ ಬೀದಿಯವರ ಮುಖ ಅಂಥ ಗೋಡೆಯ ಮೇಲೆ ಅಲ್ಲಿಯವರೆಗೆ ನೇತಾಡಿರಲಿಲ್ಲ. ಜನರಿಗೆ ತೋರಿಸಲು ಕೆತ್ತಿದ ಹಲಗೆಯನ್ನೂ ತನ್ನಿ ಎಂದು ಹೇಳಿಕಳಿಸಿದ್ದರು. ಸೀರೆಯ ಗಂಟಿನ ಸಮೇತ ತೆಗೆದುಕೊಂಡು ಹೋದೆ.

ಮಂಟಪದ ಗೋಡೆಗಳ ತುಂಬ ಚಿತ್ರಗಳು. ಚಿನ್ನದ ರೇಕು ಹಚ್ಚಿದ ಮೈಸೂರು ಶೈಲಿಯ ದೇವರುಗಳು, ಕಪಿಲಾ ನದಿಯ ಸೋಪಾನ, ತಿರುಮಕೂಡಲಿನ ಸಂಗಮದಲ್ಲಿ ಸೂರ್ಯಾಸ್ತ. ಅಂಥ ಕೆಂಪು ಸೂರ್ಯನನ್ನು ನರಸೀಪುರದಲ್ಲಿ ಅಷ್ಟು ವರ್ಷ ಇದ್ದ ನಾನು ಒಂದು ಸಲವೂ ಕಂಡಿರಲಿಲ್ಲ. ಕೊನೆಯ ಕಂಬದ ಪಕ್ಕ ಕಟ್ಟು ಹಾಕಿದ ನಮ್ಮವ್ವ. ನಾನು ಚಿತ್ರಕ್ಕೆ ಇಟ್ಟಿದ್ದ ಹೆಸರು ‘ನಮ್ಮವ್ವ’. ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ‘ಗ್ರಾಮೀಣ ಮಹಿಳೆ’ ಎಂದಿತ್ತು.

“ಹೆಸರು ಬದಲಾಗಿದೆ ಸಾರ್” ಎಂದೆ.

“ಬದಲಾಯಿಸಿದ್ದು ನಾನೇ ಮೇಡಂ” ಎಂದರು ಕಾರ್ಯದರ್ಶಿ. “ನಮ್ಮವ್ವ ಅಂದ್ರೆ ತಗೊಳ್ಳೋರ ಮನೇಲಿ ಯಾರ ಅವ್ವ ಅಂತ ಕೇಳೋದಿಲ್ವೆ? ಗ್ರಾಮೀಣ ಮಹಿಳೆ ಅಂದ್ರೆ ಯಾರ ಮನೆಗಾದ್ರೂ ಒಪ್ಪುತ್ತೆ.”

ಒಳಗೇ ಹಲ್ಲು ಕಡಿದುಕೊಂಡೆ. ಅಷ್ಟರಲ್ಲಿ ಅವ್ವ, ಬೀದಿಯ ಕೆಲವು ಹೆಂಗಸರನ್ನು ಕಟ್ಟಿಕೊಂಡು, ಬಸ್ಸಿಳಿದು ಬಂದು ಕೊನೆಯ ಸಾಲಿನಲ್ಲಿ ಕೂತಳು. ಎಲ್ಲರೂ ಹಬ್ಬದ ಸೀರೆ ಉಟ್ಟಿದ್ದರು.

ಹರಾಜು ಶುರುವಾಯಿತು. ಹರಾಜು ನಡೆಸುವವರು ಕಾರ್ಯದರ್ಶಿಯೇ. ದೇವರುಗಳು ಬೇಗ ಬೇಗ ಹೋದವು, ಸೂರ್ಯಾಸ್ತಕ್ಕೂ ಒಳ್ಳೆಯ ಪೈಪೋಟಿ ನಡೆಯಿತು. ನನ್ನ ಚಿತ್ರದ ಸರದಿ ಬಂದಾಗ ಮುಂದಿನ ಸಾಲಿನಲ್ಲಿದ್ದ ಮೈಸೂರಿನವರೊಬ್ಬರು ಕೈಯೆತ್ತಿದರು. ಹೊಸ ಮನೆ ಕಟ್ಟಿಸಿ ಅದರ ಗೋಡೆಗೆ ಚಿತ್ರ ಕೊಳ್ಳಲು ಬಂದವರು.

“ಇದು ಪ್ರಿಂಟು ಅಲ್ವ? ನಾನು ತಗೊಂಡ ಮೇಲೆ ಇಂಥವೇ ನೂರು ಹೊರಗೆ ಬಂದ್ರೆ?”

“ಆ ಚಿಂತೆ ಬೇಡ ಸರ್” ಎಂದು ಕಾರ್ಯದರ್ಶಿ ಮೈಕಿನಲ್ಲೇ ಹೇಳಿದರು. “ಹೊರಗೆ ಇರೋದು ಬೆರಳೆಣಿಕೆಯ ಪ್ರತಿ. ಹರಾಜು ಮುಗಿದ ಕೂಡಲೇ ಕಲಾವಿದೆಯೇ ತಮ್ಮೆಲ್ಲರ ಎದುರಿಗೆ ಉಳಿಯಿಂದ ಹಲಗೆಗೆ ಅಡ್ಡ ಗೀರು ಹಾಕ್ತಾರೆ. ಆಮೇಲೆ ಒಂದು ಪ್ರತೀನೂ ಬರೋ ಹಾಗಿಲ್ಲ.”

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಈ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ದೊಡ್ಡ ಊರುಗಳಲ್ಲಿ ಹಾಗೆ ಮಾಡುತ್ತಾರೆ, ಕೊಂಡವನಿಗೆ ಮೋಸವಾಗಬಾರದು ಎಂಬುದು ಅದರ ನ್ಯಾಯ. ಕಾಲೇಜಿನಲ್ಲಿ ಪಾಠ ಕೇಳಿದಾಗಲೂ ಅದು ನನಗೆ ಸೇರಿರಲಿಲ್ಲ. ನಾಲ್ಕು ಮನೆಗೆ ಹೋಗಲಿ ಎಂದೇ ಅಲ್ಲವೇ ಅಚ್ಚು ತೆಗೆಯುವುದು? ಒಬ್ಬನ ಗೋಡೆಗೆ ಬೆಲೆ ಬರಲೆಂದು ಉಳಿದವರ ಗೋಡೆ ಯಾಕೆ ಬರಿದಾಗಬೇಕು? ಈಗಂತೂ ಮೇಜಿನ ಮೇಲೆ ಮಣೆಯ ಪಕ್ಕದಲ್ಲಿ ಒಂದು ಉಳಿಯನ್ನೂ ತಂದಿಟ್ಟಿದ್ದರು.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಮೈಸೂರಿನವರು ಒಂದು ಮೊತ್ತ ಹೇಳಿದರು. ಕಾರ್ಯದರ್ಶಿ “ಒಂದು ಸಾರಿ” ಎಂದು ಬಾಯಿ ಮುಚ್ಚುವಷ್ಟರಲ್ಲಿ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೇಳಿಸುವಂಥ ದನಿ ಮಂಟಪದಲ್ಲಿ ಮೊಳಗಿತು.

“ಒಂದು ಮೂಟೆ ರಾಗಿ!”

ಎಲ್ಲರೂ ತಿರುಗಿ ನೋಡಿದರು. ಅವ್ವ ಎದ್ದು ನಿಂತಿದ್ದಳು. ಜೊತೆಗಿದ್ದ ಹೆಂಗಸರಿಗೆ ಅಲ್ಲಿಗೆ ವ್ಯವಹಾರ ಮುಗಿದಿತ್ತು. ಮನೆಯವರು ಕೂಗಾಯಿತು, ಇನ್ನು ಕೂರುವುದೇನು ಎಂದು ಚೀಲ ಎತ್ತಿಕೊಂಡು ಅವರೂ ಎದ್ದರು. ಅವ್ವ ಕುರ್ಚಿಗಳ ನಡುವೆ ನೇರ ನಡೆದು ಮೇಜಿನ ಹತ್ತಿರ ಬಂದಳು. ಸಭೆಯಲ್ಲಿ ನಗು ಹಬ್ಬಿತು. ಮೈಸೂರಿನವರು ನಗುತ್ತಲೇ ತಮ್ಮ ಮೊತ್ತವನ್ನು ಇನ್ನಷ್ಟು ಏರಿಸಿದರು.

ಅವ್ವ ಅವರ ಕಡೆ ತಿರುಗಿದಳು. ಅವಳ ಅತ್ತೆಯ ಕಾಲದವರು ಇಂಥವರೆದುರು ಒಡೆಯರಿಗೆ ಅನ್ನುವ ಹಾಗೆ ‘ಬುದ್ಧಿ’ ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಅವ್ವ ಕೈಕಟ್ಟಲಿಲ್ಲ.

“ಮನೆಯವ್ರು ಕೂಗಾದ್ಮೇಲೆ ಎದ್ರು ಕೂಗ್ತಾರೇನ್ ಸಾ? ನಿಮ್ಮೂರಲ್ಲಿ ಎಂಗೋ ಕಾಣೆ, ನಮ್ಮ ಕಡೆ ಇಲ್ಲ.”

“ಇಲ್ಲಿ ಹಾಗೆಲ್ಲ ನಡೆಯೋದಿಲ್ಲಮ್ಮ. ಇದು ಚಿತ್ರಗಳ ಹರಾಜು. ರಾಗಿ ಗೀಗಿ ಇಲ್ಲ” ಎಂದರು ಕಾರ್ಯದರ್ಶಿ.

“ನನ್ ಮಕ ತಾನೆ ಅದು? ನನ್ ಮಕಕ್ಕೆ ಉಳಿ ಆಕ್ತೀನಿ ಅಂತ ಕೂಗೇಳ್ತೀರಿ. ನಾನು ಸುಮ್ಕೆ ಕೂತ್ಕಬೇಕಾ?”

“ಗೀರೋದು ಹಲಗೆಗೆ ಕಣಮ್ಮ, ನಿನಗಲ್ಲ.”

“ಅಂಗಾರೆ ನಿಮ್ಮವ್ವನ್ ಫೋಟೋ ತನ್ನಿ ಸಾ. ಅದ್ಕೂ ಒಂದು ಗೀರು ಎಳೆಯವ.”

ನಗು ನಿಂತಿತು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಅವರು ನನ್ನ ಕಡೆ ತಿರುಗಿ, ನೀವು ಓದಿದವರು, ಇವರಿಗೆ ತಿಳಿಹೇಳಿ ಎಂದರು. ಎಷ್ಟೋ ವರ್ಷದಿಂದ ನನಗೆ ಕೊಡುತ್ತಿದ್ದ ಮರ್ಯಾದೆಯೇ ಇದು. ಓದಿದವಳು ಎಂದು ಕುರ್ಚಿ ಕೊಡುವುದು, ನಮ್ಮವರ ಬಾಯಿ ಮುಚ್ಚಿಸಬೇಕಾದಾಗ ಆ ಕುರ್ಚಿಯ ನೆನಪು ಮಾಡುವುದು. ನನಗೆ ಸಿಟ್ಟು ನೆತ್ತಿಗೇರಿತು. ಮೇಜಿನ ಮೇಲಿದ್ದ ಮಣೆಯನ್ನು ಎತ್ತಿ ಅವ್ವನ ಕೈಗೆ ಕೊಟ್ಟೆ.

“ತಿಳಿಹೇಳೋದೇನಿಲ್ಲ ಸಾರ್. ಅವ್ವ ಕೂಗಿದ್ದಾಳೆ. ನನ್ನ ಕಡೆಯಿಂದ ಮೂರು ಸಾರಿನೂ ಆಯ್ತು.”

“ಹೀಗೆ ಮಾಡಿದ್ರೆ ಇನ್ಮೇಲೆ ಯಾವ ಹರಾಜಿಗೂ ನಿಮ್ಮನ್ನ ಕರೆಯೋದಿಲ್ಲ” ಎಂದರು.

“ಕರೀಬೇಡಿ” ಎಂದೆ. ಆ ಒಂದು ಪದ ಹೇಳಿದಾಗಿನ ಸುಖ ಈಗಲೂ ನಾಲಿಗೆಯ ಮೇಲಿದೆ.

ಚಿತ್ರವನ್ನು ಗೋಡೆಯ ಮೇಲೇ ಬಿಟ್ಟು ಹೊರಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಕೂತ ಮೇಲೆ ನಾನು ಕಳೆದುಕೊಂಡದ್ದರ ಲೆಕ್ಕ ಹಾಕತೊಡಗಿದೆ. ಬರದೆ ಬರದೆ ಒಂದು ಅವಕಾಶ ಬಂದಿತ್ತು, ಅದನ್ನು ಒದ್ದು ಬಂದಿದ್ದೆ. ಅವ್ವನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ.

“ರಾಗಿ ಯಾವತ್ತು ತಕ್ಕೊಡದು?”

“ಯಾವ ರಾಗಿ? ಅವರು ಒಪ್ಪಲೇ ಇಲ್ಲವಲ್ಲವ್ವ.”

“ಅವ್ರು ಒಪ್ಲಿ ಬುಡ್ಲಿ. ನಾನು ಕೂಗಿವ್ನಿ. ಕೂಗಿ ಕೊಡ್ದೆ ಓದ್ಳು ಅಂತ ಅನ್ನಿಸ್ಕಳನಾ?”

ನಮ್ಮ ತುಂಡು ಹೊಲದಲ್ಲಿ ಆ ವರ್ಷ ರಾಗಿ ಅಷ್ಟಕ್ಕಷ್ಟೇ ಬಂದಿತ್ತು. ಒಂದು ಮೂಟೆ ಅಂದರೆ ಮನೆಯ ಎಷ್ಟೋ ತಿಂಗಳ ಮುದ್ದೆ. ರೇಷನ್ ಅಂಗಡಿ ಅಕ್ಕಿಯಲ್ಲಿ ಕಾಲ ಹಾಕಿದರಾಯಿತು ಎಂದಳು ಅವ್ವ. ಮುಂದಿನ ಭಾನುವಾರ ಮೂಟೆಯನ್ನು ಬಸ್ಸಿನ ಟಾಪಿಗೆ ಹಾಕಿಸಿ, ನಂಜನಗೂಡಿನಲ್ಲಿ ಗಾಡಿ ಮಾಡಿ, ಇಬ್ಬರೂ ಕಾರ್ಯದರ್ಶಿಯ ಮನೆಯ ಮುಂದೆ ಇಳಿಸಿದೆವು. ಅವರು ಗೇಟಿನಲ್ಲಿ ನಿಂತು ಮೂಟೆಯನ್ನೂ ನಮ್ಮನ್ನೂ ನೋಡಿದರು.

“ಇದನ್ನ ನಾನೇನಮ್ಮ ಮಾಡ್ಲಿ?”

“ಮುದ್ದೆ ಮಾಡ್ಕಂಡು ಉಣ್ಣಿ. ಇಲ್ದಿದ್ರೆ ಮಾರಿ ನಿಮ್ ಪುಸ್ತಕದ ಮನೆಗೆ ಆಕ್ಕಳಿ. ನಮ್ ಚಿತ್ರ ಎಲ್ಲದೆ?”

ಅವರು ಒಳಗೆ ಹೋಗಿ, ಮಾರಾಟವಾಗದೆ ಉಳಿದಿದ್ದ ಕಟ್ಟು ಹಾಕಿದ ಚಿತ್ರವನ್ನು ತಂದುಕೊಟ್ಟರು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚೀಟಿಯ ಮೇಲೆ ಬೆರಳಿಟ್ಟಳು.

“ಇದೇನ್ ಬರ್ದವ್ರೆ?”

“ಗ್ರಾಮೀಣ ಮಹಿಳೆ ಅಂತ” ಎಂದೆ.

“ಅದ್ಯಾರು?”

ಅವ್ವ ಉಗುರಿನಿಂದ ಚೀಟಿಯನ್ನು ಎಬ್ಬಿಸಿ, ಉಂಡೆ ಮಾಡಿ, ಕಾರ್ಯದರ್ಶಿಯ ಕೈಗೇ ಕೊಟ್ಟಳು. ಅದನ್ನು ಹಿಡಿದುಕೊಂಡೇ ಅವರು ನಮ್ಮನ್ನು ಕಳಿಸಿಕೊಟ್ಟರು.

ಆ ಬೇಸಿಗೆ ರಜೆಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ನಡುಮನೆಯಲ್ಲಿ ಮಣೆ ಹಾಕಿಕೊಂಡು, ಮಸಿ ಬಳಿದು, ಸೌಟಿನಲ್ಲಿ ಉಜ್ಜಿ ಉಜ್ಜಿ, ಕೇಳಿದವರಿಗೆಲ್ಲ ಅಚ್ಚು ತೆಗೆದುಕೊಟ್ಟೆ. ಬೀದಿಯ ಮನೆಗಳಾದ ಮೇಲೆ ದೇವನೂರಿನ ನೆಂಟರು ಕೇಳಿದರು, ತಾಂಡವಪುರದಲ್ಲಿ ಅವ್ವನ ಜೊತೆ ಕಳೆ ಕೀಳುತ್ತಿದ್ದವರು ಕೇಳಿದರು. ಎಷ್ಟು ಅಚ್ಚು ಹೋಯಿತೋ ಲೆಕ್ಕವಿಟ್ಟಿಲ್ಲ. ಚಿತ್ರದ ಕೆಳಗೆ ಇದು ಒಟ್ಟು ಎಷ್ಟು ಪ್ರತಿಗಳಲ್ಲಿ ಎಷ್ಟನೆಯದು ಎಂದು ಬರೆಯುವ ಜಾಗದಲ್ಲಿ ‘ನಮ್ಮವ್ವ’ ಎಂದೇ ಬರೆದೆ. ಅದರಿಂದ ಚಿತ್ರದ ಬೆಲೆ ಕುಗ್ಗುತ್ತದೆ ಎಂದು ಗೆಳೆಯರು ಬೈದರು. ಕುಗ್ಗಿದರೆ ಕುಗ್ಗಲಿ, ಕೊಡುವವಳಿಗಿಲ್ಲದ ಸಂಕಟ ಅವರಿಗೇಕೆ?

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಅವ್ವ ತೀರಿಕೊಂಡಳು. ಆಗ ಸತ್ತವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವುದು ನಮ್ಮ ಕಡೆಗೂ ಬಂದಿತ್ತು. ಅವಳದು ಫೋಟೋ ಎಲ್ಲಿತ್ತು? ನಾನು ಯೋಚನೆಯಲ್ಲಿರುವಾಗಲೇ ಬೀದಿಯವರು ತಮ್ಮ ತಮ್ಮ ಗೋಡೆಯ ಅಚ್ಚನ್ನು ತಂದು ಬಾಗಿಲ ಬಳಿ ಸಾಲಾಗಿ ಒರಗಿಸಿಟ್ಟರು. ಕೆಲವು ಹೊಗೆ ಹಿಡಿದಿದ್ದವು, ಒಂದಕ್ಕೆ ಗೆದ್ದಲು ತಾಗಿತ್ತು. ಅಷ್ಟು ಜನ ಅವ್ವಂದಿರು ಎಲೆಯಡಿಕೆ ಬಲಗಡೆ ಒತ್ತಿಕೊಂಡು ‘ಏನೀಗ?’ ಎಂದು ನೋಡುತ್ತಿದ್ದರು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಆಮೇಲೆ ಒಂದು ದಿನ ಬೆಂಗಳೂರಿನಿಂದ ಫೋನು ಬಂತು. ಚಿತ್ರಗಳ ದೊಡ್ಡ ಹರಾಜು ನಡೆಸುವವರಂತೆ. ಯಾರದೋ ಮನೆಯಲ್ಲಿ ಈ ಅಚ್ಚು ನೋಡಿ ಮೆಚ್ಚಿ, ನನ್ನ ನಂಬರು ಹುಡುಕಿದ್ದರು. ತುಂಬ ಮರ್ಯಾದೆಯಿಂದ ಮಾತಾಡಿದರು. ಕೊನೆಗೆ ಕೇಳಿದ್ದು ಅದೇ ಪ್ರಶ್ನೆ.

“ಮೇಡಂ, ಮೂಲ ಹಲಗೆಗೆ ಗೀರು ಹಾಕಿದೆಯಲ್ಲ? ಹಾಕಿಲ್ಲದಿದ್ರೆ ಈಗಲಾದ್ರೂ ಹಾಕಿಸಬಹುದಾ?”

ಮಣೆ ನನ್ನ ಎದುರಿಗೇ ಇತ್ತು. ಅಚ್ಚು ತೆಗೆದು ತೆಗೆದು ಅವ್ವನ ಹಣೆಯ ಗೆರೆಗಳು ಸವೆದು ನುಣ್ಣಗಾಗಿದ್ದವು. ಬದುಕಿದ್ದಾಗ ಅವಳಿಗೆ ಅಂಥ ಗೆರೆಯಿಲ್ಲದ ಹಣೆ ಇರಲೇ ಇಲ್ಲ.

“ಅದು ನನ್ನದಲ್ಲ ಸಾರ್” ಎಂದೆ. “ಹರಾಜಿನಲ್ಲಿ ನಮ್ಮವ್ವ ಕೂಗಿ ತಗೊಂಡಿದ್ದಾಳೆ. ರಾಗೀನೂ ಕೊಟ್ಟಾಗಿದೆ.”